ಪಾಲಿಶ್ ಪೇಪರಿನ ಮುಂಡಪ್ಪ

ಶಂಕ್ರೆಪ್ಪ ಗರಗಸವನ್ನು ಎಡಗೈಗೆ ಬದಲಾಯಿಸಿಕೊಂಡು ಇನ್ನೊಮ್ಮೆ ಎಳೆದ. ಆದರೂ ಕೊಯ್ತ ನೇರವಾಗಿಯೇ ಬಂತು. ನಲವತ್ತು ವರ್ಷ ಮರ ಕೊಯ್ದವನಿಗೆ ಸೊಟ್ಟ ಕೊಯ್ಯುವುದು ಇಷ್ಟು ಕಷ್ಟದ ಕೆಲಸ ಎಂದು ಇವತ್ತಿನವರೆಗೆ ಗೊತ್ತಿರಲಿಲ್ಲ. ಹೊಸಬರ ಕೈಯಲ್ಲಿ ಗರಗಸ ಗೆರೆ ಬಿಟ್ಟು ಓಡುವುದನ್ನು ಅವನು ಸಾವಿರ ಸಲ ನೋಡಿದ್ದ, ಬೈದಿದ್ದ, ನಕ್ಕೂ ಇದ್ದ. ಈಗ ತಾನೇ ಹಾಗೆ ಓಡಿಸೋಣವೆಂದರೆ ಅದು ಪಳಗಿದ ಎತ್ತಿನ ಹಾಗೆ ಗೆರೆ ಹಿಡಿದೇ ನಡೆಯುತ್ತಿತ್ತು.

ಗೋಡೆಯ ಗಡಿಯಾರದಲ್ಲಿ ಹನ್ನೊಂದೂಕಾಲು. ಮೂರು ಗಂಟೆಗೆ ಮುಂಡಪ್ಪನವರ ಹೆಣ ಎತ್ತುವುದೆಂದು ತೀರ್ಮಾನವಾಗಿತ್ತು. ನಾಗಪುರದಿಂದ ಮಗಳು ಬರಬೇಕಾದ್ದರಿಂದ ಅಷ್ಟು ಹೊತ್ತು. ಅದರೊಳಗೆ ಶಂಕ್ರೆಪ್ಪ ಒಂದು ತುರಿಮಣೆಯ ಹಲಗೆ ಮಾಡಿ ಮುಗಿಸಬೇಕಿತ್ತು. ಬರೀ ಮಾಡಿದರೆ ಸಾಲದು, ಅದನ್ನು ಮುಂಡಪ್ಪನವರೇ ಮಾಡಿದ್ದು ಎಂದು ಅವರ ಹೆಂಡತಿ ನಂಬಬೇಕಿತ್ತು.

ಇಷ್ಟಕ್ಕೆಲ್ಲ ಕಾರಣ ಅವನ ನಾಲಿಗೆಯೇ. ಹಿಂದಿನ ಸಂಜೆ ಮುಂಡಪ್ಪನವರು ಡೊಂಬಿವಲಿ ಸ್ಟೇಶನ್ನಿನ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕುಸಿದವರು ಏಳಲೇ ಇಲ್ಲ. ಸುದ್ದಿ ತಿಳಿದು ಶಂಕ್ರೆಪ್ಪ ಬೆಳಗ್ಗೆ ಶಹಾಡದಿಂದ ಮೊದಲು ಸಿಕ್ಕ ಲೋಕಲ್ ಹಿಡಿದು ಬಂದಿದ್ದ. ಮೂರನೆಯ ಮಹಡಿ, ಲಿಫ್ಟ್ ಇಲ್ಲದ ಹಳೆಯ ಬಿಲ್ಡಿಂಗು, ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ಉಡುಪಿ ಕಡೆಯ ನೆಂಟರು, ಮರಾಠಿ ನೆರೆಯವರು ಗೋಡೆಗೊರಗಿ ಕೂತಿದ್ದರು. ನಾಲ್ಕು ವರ್ಷದ ಒಡನಾಟದಲ್ಲಿ ಶಂಕ್ರೆಪ್ಪ ಆ ಮನೆಗೆ ಬಂದದ್ದು ಎರಡೇ ಸಲ, ಆದರೂ ತಲೆದೆಸೆಯಲ್ಲಿ ಕೂತಿದ್ದ ಜಯಲತಕ್ಕ ಅವನನ್ನು ಕಂಡ ಕೂಡಲೇ ಗುರುತು ಹಿಡಿದರು. ಅತ್ತು ಅತ್ತು ಅವರ ದನಿ ಒಡೆದಿತ್ತು.

“ಮೇಸ್ತ್ರಿಗಳೇ, ಆ ಮಣೆ ಎಲ್ಲಿವರೆಗೆ ಬಂತು? ಅಲಗು ಕೂಡಿಸುದು ಒಂದೇ ಬಾಕಿ ಅಂತ ಹೋದ ಆದಿತ್ಯವಾರ ಹೇಳಿದ್ರು ಇವರು.”

ಶಂಕ್ರೆಪ್ಪನಿಗೆ ಅಂಥ ಮಣೆಯೇ ಗೊತ್ತಿರಲಿಲ್ಲ. ಇಲ್ಲ ಎನ್ನಬಹುದಿತ್ತು. ಆದರೆ ಇಪ್ಪತ್ತು ಮುಖಗಳು ತನ್ನ ಕಡೆ ತಿರುಗಿದ್ದವು, ಕೆಳಗೆ ಚಾಪೆಯ ಮೇಲೆ ಮುಂಡಪ್ಪನವರು ಮೂಗಿಗೆ ಹತ್ತಿ ಇಟ್ಟುಕೊಂಡು ಮಲಗಿದ್ದರು. ಸತ್ತವರನ್ನು ಅವರ ಮನೆಯಲ್ಲೇ ಸುಳ್ಳುಗಾರರನ್ನಾಗಿ ಮಾಡುವುದು ಹೇಗೆ?

“ಆಗೇತ್ರಿ ಅಕ್ಕಾರ. ಅಲಗು ಒಂದ ಕೂಡಸೋದೈತಿ.”

“ಹಾಗಾದ್ರೆ ತನ್ನಿ. ಅಲಗು ಹಳೆಯದ್ದೇ ಉಂಟು ನನ್ನ ಹತ್ರ. ಅವರ ಕೈಯದ್ದು ಅಂತ ಒಂದು, ಹೋಗುವ ಮೊದಲು ಹತ್ತಿರ ಇಡುವ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಶಂಕ್ರೆಪ್ಪ ಮೆಟ್ಟಿಲಿಳಿಯುವಾಗ ಪೃಥ್ವಿರಾಜ್ ಹಿಂದೆಯೇ ಬಂದರು. ಬ್ಯಾಂಕಿನಿಂದ ನಿವೃತ್ತರಾದ ಈ ಮನುಷ್ಯನೇ ಅವರ ಮರಗೆಲಸ ಮಂಡಳಿಯನ್ನು ಹುಟ್ಟುಹಾಕಿದವರು. ಮುಂಡಪ್ಪಣ್ಣ ಯಾವಾಗ ಮಣೆ ಮಾಡಿದ್ದು, ತಾನು ನೋಡಲೇ ಇಲ್ಲವಲ್ಲ ಎಂದು ಅವರು ಕೇಳಿದರು. ಮಾಡಿಲ್ಲ ಎಂದು ಶಂಕ್ರೆಪ್ಪ ಹೇಳಿದಾಗ ಕಲ್ಯಾಣದ ಪೇಟೆಯಲ್ಲಿ ರೆಡಿಮೇಡ್ ಸಿಗುತ್ತದೆ, ರಿಕ್ಷಾ ಹಿಡಿದರೆ ಒಂದು ತಾಸಿನ ಕೆಲಸ ಎಂದರು. ಅಂಗಡಿಯ ಮಾಲು ಮೂರು ಮಾರು ದೂರದಿಂದಲೇ ಗೊತ್ತಾಗುತ್ತದೆ ಎಂದು ಹೇಳಿ ಶಂಕ್ರೆಪ್ಪ ಗಾಳಾದ ಕೀಲಿ ಕೇಳಿ ಇಸಿದುಕೊಂಡ.

*

ಗಾಳಾ ಎಂದರೆ ಎಂ.ಐ.ಡಿ.ಸಿ. ಕೈಗಾರಿಕಾ ಪ್ರದೇಶದಲ್ಲಿ ಬಾಗಿಲು ಮುಚ್ಚಿದ ಯಾವುದೋ ಕಾರ್ಖಾನೆಯ ಒಂದು ಕೋಣೆ. ಪೃಥ್ವಿರಾಜರ ಗೆಳೆಯರೊಬ್ಬರದು. ಪ್ರತಿ ಆದಿತ್ಯವಾರ ಎಂಟೊಂಬತ್ತು ಮಂದಿ ಅಲ್ಲಿ ಸೇರುತ್ತಿದ್ದರು. ಜೀವಮಾನವಿಡೀ ಫೈಲು ಹಿಡಿದವರು, ಹೋಟೆಲಿನ ಗಲ್ಲೆಯ ಮೇಲೆ ಕೂತವರು, ಈಗ ಉಳಿ ಸುತ್ತಿಗೆ ಹಿಡಿಯುವ ಉಮೇದು. ಕಲಿಸಲಿಕ್ಕೆ ಶಂಕ್ರೆಪ್ಪ. ವಿಜಯಪುರ ಕಡೆಯಿಂದ ಹರೆಯದಲ್ಲಿ ಬಂದು ಭಿವಂಡಿಯಲ್ಲಿ ಮಗ್ಗಗಳ ಮರದ ಭಾಗ ರಿಪೇರಿ ಮಾಡಿದವನು, ಮಗ್ಗ ನಿಂತು ಗೋಡೌನು ಬಂದ ಮೇಲೆ ಸಾಮಾನು ಇಡುವ ಪ್ಯಾಲೆಟ್ಟುಗಳಿಗೆ ಮೊಳೆ ಹೊಡೆದವನು. ಮುರಿದ ಪ್ಯಾಲೆಟ್ಟುಗಳೇ ಟೆಂಪೋ ಏರಿ ಬಂದು ಮಂಡಳಿಗೆ ಮರವಾಗುತ್ತಿದ್ದವು. ಮೊದಲ ವರ್ಷ ಗುಬ್ಬಿಗೂಡು ಮಾಡಿ ಊರಿಗೆಲ್ಲ ಹಂಚಿದರು. ಒಂದಕ್ಕೂ ಗುಬ್ಬಿ ಬರಲಿಲ್ಲ. ಪಾರಿವಾಳಗಳು ಮೇಲೆ ಕೂತು ಹೇತವು, ಅಷ್ಟೆ. ಆಮೇಲೆ ಬುದ್ಧಿ ಬಂದು ಬಾಲವಾಡಿಗೆ ಗಿಡ್ಡ ಮೇಜು, ಸ್ಟೇಶನ್ನಿನ ಮೋಚಿಗಳಿಗೆ ಪೆಟ್ಟಿಗೆ, ಹೀಗೆ ಯಾರಿಗಾದರೂ ಬೇಕಾಗುವಂಥದ್ದು ಮಾಡತೊಡಗಿದರು.

ಮುಂಡಪ್ಪನವರು ಬಂದದ್ದು ಒಂದು ಕಾಗದ ಹಿಡಿದುಕೊಂಡು. ಬೇಲಾಪುರದ ಒಂದು ಆಫೀಸಿನಲ್ಲಿ ಮೂವತ್ತೊಂದು ವರ್ಷ ನಕಾಶೆಗಳನ್ನು ಕಪಾಟಿನಿಂದ ತೆಗೆದು ಕೊಡುವುದು, ತಿರುಗಿ ಇಡುವುದು ಅವರ ಕೆಲಸವಾಗಿತ್ತು. ಕಟ್ಟಡಗಳ ನಕಾಶೆ ನೋಡಿ ನೋಡಿ ಅಭ್ಯಾಸವಾಗಿ ತುರಿಮಣೆಗೂ ನಕಾಶೆ ಬರೆದುಕೊಂಡು ಬಂದಿದ್ದರು. ಮೇಲಿನಿಂದ ನೋಡಿದರೆ ಹೀಗೆ, ಬದಿಯಿಂದ ನೋಡಿದರೆ ಹೀಗೆ, ಮೂಲೆಯಲ್ಲಿ ಅಳತೆ. ಮನೆಯ ಹಳೆಯ ಮಣೆ ಸೀಳು ಬಿಟ್ಟಿದೆ, ಜಯಲತಾ ತೂತು ತಗಡಿನ ಕಿಸಣಿಯಲ್ಲಿ ಕಾಯಿ ತುರಿದು ಬೆರಳು ಕೊಯ್ದುಕೊಳ್ಳುತ್ತಾಳೆ, ಒಂದು ಮಾಡಿಕೊಡಬೇಕು ಎಂದರು. ಅಷ್ಟು ಹೇಳುವುದಕ್ಕೆ ನಾಲ್ಕು ಸಲ ತಡವರಿಸಿದರು.

ಆ ದಿನ ಮಂಡಳಿಗೆ ಒಂದು ಒಳ್ಳೆಯ ಸಾಗವಾನಿ ಹಲಗೆ ಬಂದಿತ್ತು, ಕೆಡವಿದ ಚಾಳಿನ ಬಾಗಿಲಿನದು. ಶಂಕ್ರೆಪ್ಪ ಗೆರೆ ಹಾಕಿ ಗರಗಸ ಕೊಟ್ಟ. ಮುಂಡಪ್ಪನವರ ಕೈ ನಡುಗುವುದನ್ನು ಅವನು ಗಮನಿಸಿರಲಿಲ್ಲ. ಅರ್ಧ ಹೋಗುವಷ್ಟರಲ್ಲಿ ಕೊಯ್ತ ಗೆರೆಯಿಂದ ಎರಡು ಬೆರಳು ಆಚೆ ಹೋಗಿ ಹಲಗೆ ಕೆಟ್ಟಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಮನುಷ್ಯ ಗರಗಸವನ್ನೂ ದೂರಲಿಲ್ಲ, ಮರವನ್ನೂ ದೂರಲಿಲ್ಲ, ಪೆಚ್ಚಾಗಿ ನಿಂತರು. ಹಲಗೆಯ ಸಂಕಟ ತಡೆಯಲಾರದೆ ಶಂಕ್ರೆಪ್ಪ ಅವರ ಕೈಯಿಂದ ಗರಗಸ ತೆಗೆದುಕೊಂಡ.

“ಬಿಡ್ರಿ ಸಾಹೇಬ್ರ, ನಿಮ್ಮ ಕೈ ನಡಗ್ತೈತಿ. ಈ ಪಾಲಿಶ್ ಪೇಪರ್ ಹಿಡೀರಿ. ಮರ ನುಣ್ಣಗ ಮಾಡೋದೂ ಕೆಲಸಾನ ಐತಿ.”

ಮರ ಉಜ್ಜುವ ಆ ಒರಟು ಕಾಗದವನ್ನು ಮಂಡಳಿಯಲ್ಲಿ ಯಾರೂ ಇಷ್ಟಪಟ್ಟು ಮುಟ್ಟುತ್ತಿರಲಿಲ್ಲ. ಕೊಯ್ಯುವುದರಲ್ಲಿ ಗತ್ತು ಇದೆ, ಕೂಡಿಸುವುದರಲ್ಲಿ ಖುಷಿ ಇದೆ, ಉಜ್ಜುವುದರಲ್ಲಿ ಏನಿದೆ, ಮೂಗಿಗೆ ಧೂಳು. ಮುಂಡಪ್ಪನವರು ಕಾಗದ ಮಡಚಿಕೊಂಡು ಕಿಟಕಿಯ ಬಳಿ ಕೂತರು. ಮುಂದಿನ ವಾರದಿಂದ ಎಲ್ಲರೂ ತಮ್ಮ ತಮ್ಮ ಮೇಜು ಪೆಟ್ಟಿಗೆಗಳನ್ನು ತಂದು ಅವರ ಕಾಲ ಬಳಿ ಇಡುವುದು ರೂಢಿಯಾಯಿತು. ಹಿಂದಿನಿಂದ ಅವರನ್ನು ಪಾಲಿಶ್ ಪೇಪರಿನ ಮುಂಡಪ್ಪ ಎನ್ನುತ್ತಿದ್ದರು. ಎದುರಿಗೆ ಅಂದಿದ್ದರೂ ಅವರು ನಗುತ್ತಿದ್ದರೇನೋ.

ಎರಡನೆಯ ವರ್ಷ ಒಂದೇ ಒಂದು ಸಲ ಕೇಳಿದ್ದರು. “ಮೇಸ್ತ್ರಿ, ಇವತ್ತು ನಾನೊಮ್ಮೆ ಕೊಯ್ದು ನೋಡ್ಲಾ?” ಬಾಲವಾಡಿಯ ಮೇಜುಗಳನ್ನು ಮಾರನೆಯ ದಿನವೇ ಕೊಡಬೇಕಾಗಿತ್ತು. ಮುಂದಿನ ವಾರ ನೋಡೋಣ್ರಿ ಎಂದಿದ್ದ ಶಂಕ್ರೆಪ್ಪ. ಮುಂದಿನ ವಾರಗಳು ಬೇಕಾದಷ್ಟು ಬಂದವು. ಅವರು ಇನ್ನೊಮ್ಮೆ ಕೇಳಲಿಲ್ಲ, ಇವನಿಗೆ ನೆನಪಾಗಲಿಲ್ಲ.

*

ನಕಾಶೆ ಇನ್ನೂ ಗೋಡೆಯ ಮೇಲೆ ಕ್ಯಾಲೆಂಡರಿನ ಹಿಂದೆ ಇತ್ತು. ಶಂಕ್ರೆಪ್ಪ ಅದನ್ನು ಮುಂದಿಟ್ಟುಕೊಂಡೇ ಮಣೆ ಕೊಯ್ದ. ಅಳತೆಯಲ್ಲಿ ಒಂದು ನೂಲೂ ತಪ್ಪಿರಲಿಲ್ಲ. ಅಲಗು ಕೂಡುವ ಕತ್ತು ಎಲ್ಲಿ ಕಿರಿದಾಗಬೇಕು, ಕೂತವರ ತೊಡೆಗೆ ಚುಚ್ಚದಂತೆ ಅಂಚು ಎಲ್ಲಿ ದುಂಡಾಗಬೇಕು, ಎಲ್ಲ ಬರೆದಿತ್ತು. ಈ ಮನುಷ್ಯನ ಕೈ ಹಿಡಿದು ನಾಲ್ಕು ಆದಿತ್ಯವಾರ ಕೊಯ್ಯಿಸಿದ್ದರೆ ಮಣೆ ಆಗುತ್ತಿತ್ತು.

ಎಡಗೈಯಲ್ಲೂ ಗರಗಸ ನೇರ ಹೋದಾಗ ಅವನು ಸೋತು ಅರ ತೆಗೆದುಕೊಂಡು ಬೇಕೆಂದೇ ಒಂದು ಬದಿಯನ್ನು ಸವೆಸಿ ಸೊಟ್ಟ ಮಾಡಿದ. ಮುಂಡಪ್ಪನವರಂಥವರು ಕೊಯ್ದರೆ ಹೀಗೇ ಬಂದೀತು ಎನ್ನಿಸಿತು. ಉಳಿದದ್ದು ಉಜ್ಜುವುದು. ಇದೇನು ಮಹಾ ವಿದ್ಯೆ ಎಂದುಕೊಂಡು ಕಿಟಕಿಯ ಬಳಿಯ ಸ್ಟೂಲಿನ ಮೇಲೆ ಕೂತ. ಆ ಸ್ಟೂಲಿನ ಮೇಲೆ ಅವನು ಹಿಂದೆ ಕೂತಿರಲಿಲ್ಲ. ಅಲ್ಲಿಂದ ಹೊರಗೆ ಏನು ಕಾಣುತ್ತದೆ ಎಂಬುದೂ ಗೊತ್ತಿರಲಿಲ್ಲ. ಒಂದು ಕಂಪೌಂಡ್ ಗೋಡೆ, ಅದರಾಚೆ ನೀರಿನ ಟಾಕಿ. ನಾಲ್ಕು ವರ್ಷ ಮುಂಡಪ್ಪನವರು ನೋಡಿದ್ದು ಇಷ್ಟನ್ನೇ.

ಬೇರೆಯವರು ಹನ್ನೆರಡಕ್ಕೆ ಊಟಕ್ಕೆ ಹೋದರೆ ಮುಂಡಪ್ಪನವರು ಉಳಿದು ಅವನ ಜೊತೆ ಕಸ ಗುಡಿಸುತ್ತಿದ್ದರು. ಆಮೇಲೆ ಗೇಟಿನ ಟಪರಿ ಅಂಗಡಿಯಲ್ಲಿ ಒಂದು ಚಹಾ ಇಬ್ಬರಿಗೂ ಅರ್ಧರ್ಧ. ಹೆಂಡತಿ ಚಂದವ್ವ ತೀರಿಕೊಂಡ ಮೇಲೆ ಶಹಾಡದ ಕೋಣೆಯಲ್ಲಿ ಶಂಕ್ರೆಪ್ಪ ಒಬ್ಬನೇ. ಮಗ ವಿಠಲ ಭಿವಂಡಿಯಲ್ಲೇ ಬೇರೆ ಬಿಡಾರ ಮಾಡಿದ್ದ. ವಾರದಲ್ಲಿ ಅವನ ಎದುರು ಕೂತು ಯಾರಾದರೂ ಏನಾದರೂ ಕುಡಿಯುತ್ತಿದ್ದರೆ ಅದು ಆ ಅರ್ಧ ಚಹಾ ಮಾತ್ರ. ಮಾತು ಹೆಚ್ಚೇನೂ ಇರುತ್ತಿರಲಿಲ್ಲ. ರೈಲು ಎಷ್ಟು ಲೇಟು, ಸೊಂಟ ಹೇಗಿದೆ. ಮಣೆಯ ಮಾತು ಬಂದಿರಲಿಲ್ಲ. ಇನ್ನು ಮೇಲೆ ಆದಿತ್ಯವಾರ ಟಪರಿಯವನು ಪೂರ್ತಿ ಚಹಾ ಕೊಡುತ್ತಾನೆ ಎನ್ನುವುದು ಹೊಳೆದು ಶಂಕ್ರೆಪ್ಪ ಉಜ್ಜುವುದನ್ನು ನಿಲ್ಲಿಸಿ ಅತ್ತ. ಖಾಲಿ ಗಾಳಾದಲ್ಲಿ ಅವನ ಅಳು ಅವನಿಗೇ ಕೇಳಿ ನಾಚಿಕೆಯಾಯಿತು.

ಇಪ್ಪತ್ತು ಮಿನಿಟು ಉಜ್ಜಿದ. ಒರಟು ಕಾಗದ, ನಯ ಕಾಗದ, ಕೊನೆಗೆ ಒದ್ದೆ ಬಟ್ಟೆ. ಕೈಯಾಡಿಸಿ ನೋಡಿದರೆ ನುಣ್ಣಗೇ ಇತ್ತು. ಮಣೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬೀಗ ಹಾಕಿದ.

*

ನಾಗಪುರದಿಂದ ಮಗಳು ಅಶ್ಮಿತಾ ಬಂದಾಗಿತ್ತು. ಮೂವತ್ತರ ಹುಡುಗಿ, ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಪೂರ್ತಿ ತಿಳಿಯುತ್ತಿತ್ತು, ಬಾಯಿಗೆ ಮಾತ್ರ ಹಿಂದಿ ಬರುತ್ತಿತ್ತು. ಟವೆಲು ಬಿಚ್ಚುವ ಮೊದಲೇ ಅವಳು ಮಣೆಯನ್ನು ಇಸಿದುಕೊಂಡು ಎದೆಗೆ ಅವಚಿಕೊಂಡಳು. ಆಮೇಲೆ ಅದನ್ನು ಒಬ್ಬೊಬ್ಬರ ಮುಂದೆಯೂ ಹಿಡಿದಳು. “ಯೇ ಪಪ್ಪಾನೇ ಬನಾಯಾ. ಅವರೇ ಮಾಡಿದ್ದು, ಖುದ್.”

ಬಂದವರಿಗೂ ಮಾತಾಡಲಿಕ್ಕೆ ಏನಾದರೂ ಬೇಕಾಗಿತ್ತು. ಮಣೆ ಕೈಯಿಂದ ಕೈಗೆ ಹೋಯಿತು. ಕಲ್ಯಾಣದಿಂದ ಬಂದ ದಾಯಾದಿಯೊಬ್ಬರು ಒಂದು ಕಣ್ಣು ಮುಚ್ಚಿ ಅರ ಮುಟ್ಟದ ಬದಿಯ ಅಂಚನ್ನು ನೋಡಿ, ಕೊಯ್ತ ನೂಲು ಹಿಡಿದ ಹಾಗೆ ಉಂಟಲ್ಲ, ಮುಂಡಪ್ಪ ಇಷ್ಟು ಜಾಣ ಅಂತ ಗೊತ್ತೇ ಇರಲಿಲ್ಲ ಎಂದರು. ಇನ್ನೊಬ್ಬರು, ಕೈ ನಡುಗುತ್ತಿದ್ದರೂ ಹೀಗೆ ಮಾಡಿದ್ದಾರೆಂದರೆ ಎಷ್ಟು ಛಲ ಇರಬೇಕು ಎಂದರು. ತನ್ನ ಕೈಗೆಲಸಕ್ಕೆ ಇಷ್ಟು ಹೊಗಳಿಕೆಯನ್ನು ಶಂಕ್ರೆಪ್ಪ ಜನ್ಮದಲ್ಲಿ ಕೇಳಿರಲಿಲ್ಲ. ಅವನು ಗೋಡೆಗೆ ಅಂಟಿಕೊಂಡು ನಿಂತ. ಪೃಥ್ವಿರಾಜ್ ನೆಲ ನೋಡುತ್ತಿದ್ದರು.

ಕಡೆಗೆ ಮಣೆ ಜಯಲತಕ್ಕನ ಮಡಿಲಿಗೆ ಬಂತು. ಅವರು ಅದನ್ನು ತಿರುಗಿಸಲಿಲ್ಲ, ಅಂಚು ನೋಡಲಿಲ್ಲ. ಕಣ್ಣು ಗಂಡನ ಮುಖದ ಮೇಲಿಟ್ಟು ಅಂಗೈಯನ್ನು ಮರದ ಮೇಲೆ ಒಂದು ಸಲ ಆಚೆಗೆ, ಒಂದು ಸಲ ಈಚೆಗೆ ಆಡಿಸಿದರು. ಆಮೇಲೆ ಕೈ ಹಿಂದೆಗೆದುಕೊಂಡರು. ಮಣೆಯನ್ನು ಚಾಪೆಯ ಅಂಚಿನಲ್ಲಿ, ಗಂಡನ ಕೈಯ ಬಳಿ ಇಟ್ಟರು. ಎದ್ದು ನಿಂತು, ನೀರು ಕೊಡುತ್ತೇನೆ, ಒಳಗೆ ಬನ್ನಿ ಮೇಸ್ತ್ರಿಗಳೇ ಎಂದರು.

ಅಡುಗೆಮನೆಯಲ್ಲಿ ಒಬ್ಬರೇ ನಿಲ್ಲುವಷ್ಟು ಜಾಗ. ಒಲೆ ಹಚ್ಚಿರಲಿಲ್ಲ. ಜಯಲತಕ್ಕ ನೀರು ಕೊಡಲಿಲ್ಲ. ಅವನ ಬಲಗೈ ಮಣಿಕಟ್ಟು ಹಿಡಿದು ಡಬ್ಬಿಗಳ ಶೆಲ್ಫಿನ ಮರದ ಅಂಚಿನ ಮೇಲೆ ಇಟ್ಟರು.

“ಇಲ್ಲಿ ನೋಡಿ.”

ಶಂಕ್ರೆಪ್ಪ ನೋಡಿದ. ಕೈಗೆ ಮರ ಹತ್ತಲೇ ಇಲ್ಲ. ತುಪ್ಪ ಸವರಿದಂತೆ ಜಾರಿತು. ಜಯಲತಕ್ಕ ಕಿಟಕಿಯ ಚೌಕಟ್ಟು ಮುಟ್ಟಿಸಿದರು, ಲಟ್ಟಣಿಗೆ ಕೊಟ್ಟರು, ಸೌಟಿನ ಹಿಡಿ ಕೊಟ್ಟರು. ಎಲ್ಲ ಹಾಗೇ. ಇದನ್ನು ಇಪ್ಪತ್ತು ಮಿನಿಟಿನಲ್ಲಿ ಮಾಡಲಾಗುವುದಿಲ್ಲ ಎಂದು ಅವನ ಅಂಗೈಗೆ ತಿಳಿಯಿತು. ತಿಂಗಳಲ್ಲೂ ತನ್ನಿಂದ ಆಗದು ಎಂದೂ ತಿಳಿಯಿತು. ನಾಲ್ಕು ವರ್ಷದಿಂದ ತಾನು ಕೊಯ್ದುಕೊಟ್ಟ ಎಲ್ಲ ಮರ ಮುಂಡಪ್ಪನವರ ಕೈ ದಾಟಿಯೇ ಹೋಗಿತ್ತು, ಒಂದನ್ನಾದರೂ ಅವನು ಮುಟ್ಟಿ ನೋಡಿರಲಿಲ್ಲ. ಮುಗಿಯಿತೇ ಎಂದು ಕೇಳಿ ಟೆಂಪೋಕ್ಕೆ ಹೇರಿಸುತ್ತಿದ್ದ.

“ಆದಿತ್ಯವಾರ ಅಲ್ಲಿ ಉಜ್ಜುದು, ಬಾಕಿ ದಿನ ಇಲ್ಲಿ ಉಜ್ಜುದು,” ಎಂದರು ಜಯಲತಕ್ಕ. “ಆ ಮಣೆ ಅವರು ಮುಟ್ಟಿದ್ದಲ್ಲ.”

ಇನ್ನು ಮುಚ್ಚಿಡುವುದು ಏನೂ ಉಳಿದಿರಲಿಲ್ಲ. “ಅವರು ಏನೂ ಮಾಡ್ಲಿಲ್ರಿ ಅಕ್ಕಾರ. ನಾನ ಮಾಡಗೊಡ್ಲಿಲ್ಲ. ಮೊದಲನೇ ದಿನಾನ ಕೈಯಾಗಿನ ಗರಗಸ ಕಸಗೊಂಡೆ. ಆಮ್ಯಾಲ ಒಂದ್ ಸಲ ಕೇಳಿದ್ರು. ಮುಂದಿನ ವಾರ ಅಂದೆ.”

ಜಯಲತಕ್ಕ ಲಟ್ಟಣಿಗೆಯನ್ನು ಅದರ ಜಾಗದಲ್ಲಿಟ್ಟರು. ಹೊರಗೆ ಯಾರೋ ಮಡಕೆ ಬಂತೇ ಎಂದು ಮರಾಠಿಯಲ್ಲಿ ಕೇಳುತ್ತಿದ್ದರು.

“ನನಗೆ ಗೊತ್ತಿತ್ತು. ಒಂದು ಮಣೆಗೆ ನಾಲ್ಕು ವರ್ಷ ಯಾರಿಗೆ ಬೇಕು? ಕಾಲು ಭಾಗ ಆಯ್ತು, ಅರ್ಧ ಆಯ್ತು ಅಂತ ಅವರು ಹೇಳುದು, ಹೌದಾ ಅಂತ ನಾನು ಕೇಳುದು. ಅಲ್ಲಿಗೆ ಹೋಗಿ ಬರುವಾಗ ಅವರ ಮುಖ ಸ್ವಲ್ಪ ಗೆಲುವಾಗಿ ಇರ್ತಿತ್ತು, ಹಾಗೆ ಸುಮ್ಮನೆ ಇದ್ದೆ.” ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. “ಆದ್ರೂ ಇವತ್ತು ಕೇಳಿದೆ. ಒಂದು ಸೊಟ್ಟದ್ದಾದ್ರೂ ಇರಬಹುದು ಅಂತ ಆಸೆ ಆಯ್ತು, ಮಾರಾಯ್ರೆ.”

ಶಂಕ್ರೆಪ್ಪ ಕೈ ಮುಗಿದ. ಅವರು ಅದನ್ನು ನೋಡಿದರು, ಬೇಡವೆನ್ನಲಿಲ್ಲ, ಇರಲಿ ಎಂದೂ ಅನ್ನಲಿಲ್ಲ.

“ಮಗಳಿಗೆ ಹೇಳ್ಬೇಡಿ. ಅವಳಿಗೆ ಅಪ್ಪ ಮಾಡಿದ್ದೇ ಆಗಿರ್ಲಿ. ಬೊಜ್ಜದ ದಿನ, ಅವರ ಉತ್ತರಕ್ರಿಯೆಯ ಅಡುಗೆಗೆ ಹೇಗೂ ಕಾಯಿ ತುರಿಬೇಕಲ್ಲ. ಕಾಯಿಗೆ ಗೊತ್ತಾಗ್ಲಿಕ್ಕಿಲ್ಲ.”

ಹೊರಗೆ ಹೋಗಿ ಅವರು ಮತ್ತೆ ತಲೆದೆಸೆಯಲ್ಲಿ ಕೂತರು. ಮೂರು ಗಂಟೆಗೆ ಹೆಣ ಎತ್ತುವಾಗ ಅಶ್ಮಿತಾ ಮಣೆಯನ್ನು ಜೋಪಾನವಾಗಿ ಎತ್ತಿ ಕಪಾಟಿನ ಮೇಲಿಟ್ಟಳು. ಆಮೇಲೆ ಹಿಂದೆ ನಿಂತಿದ್ದ ಶಂಕ್ರೆಪ್ಪನ ಕಡೆ ತಿರುಗಿ, ಕಾಕಾ, ನೀವೂ ಹೆಗಲು ಕೊಡಿ, ನೀವಲ್ಲವಾ ಪಪ್ಪಾಗೆ ಕಲಿಸಿದ್ದು ಎಂದಳು. ಅವನು ಹೆಗಲು ಕೊಟ್ಟ. ಮೂರು ಮಹಡಿ ಇಳಿಯುವಷ್ಟರಲ್ಲಿ ಆ ಕೊನೆಯ ಮಾತು ಚಟ್ಟದ ಬಿದಿರಿಗಿಂತ ಹೆಚ್ಚು ಭಾರವಾಯಿತು.

*

ಸ್ಮಶಾನದಲ್ಲಿ ಬೆಂಕಿ ಕೊಟ್ಟವಳು ಅಶ್ಮಿತಾ. ಒಬ್ಬಿಬ್ಬರು ಹಿರಿಯರು ಗೊಣಗಿದರು, ಪೃಥ್ವಿರಾಜ್ ಕಣ್ಣು ಬಿಟ್ಟು ನೋಡಿದ ಮೇಲೆ ಸುಮ್ಮನಾದರು. ಜ್ವಾಲೆ ಹಿಡಿದು ತಲೆಬುರುಡೆ ಸಿಡಿದ ಸದ್ದು ಕೇಳಿದ ಮೇಲೆ ಜನ ಒಬ್ಬೊಬ್ಬರೇ ಕಾಲು ತೊಳೆದುಕೊಂಡು ಹೊರಟರು. ಮಂಡಳಿಯವರು ಟ್ರೇನಿನ ಹೊತ್ತು ನೋಡಿಕೊಂಡರು. ಆದಿತ್ಯವಾರ ಗಾಳಾ ತೆರೆಯುವುದೋ ಬೇಡವೋ ಎಂದು ಯಾರೋ ಕೇಳಿದರು. ತೆರೆಯಲೇಬೇಕು ಎಂದು ಯಾರೂ ಹೇಳಲಿಲ್ಲ.

ಶಂಕ್ರೆಪ್ಪನಿಗೆ ಶಹಾಡಕ್ಕೆ ಹೋಗುವ ಅವಸರವೇನೂ ಇರಲಿಲ್ಲ. ತಗಡಿನ ಮಾಡಿನ ಕೆಳಗೆ ಒಂದು ಉದ್ದನೆಯ ಬೆಂಚು ಇತ್ತು, ಅಲ್ಲಿ ಹೋಗಿ ಕೂತ. ಎರಡು ವರ್ಷದ ಹಿಂದೆ ಮಂಡಳಿಯೇ ಮಾಡಿ ಕೊಟ್ಟ ಬೆಂಚು. ಅವನು ಅದನ್ನು ಒಂದು ಮಧ್ಯಾಹ್ನದಲ್ಲಿ ಕೊಯ್ದು ಕೂಡಿಸಿದ್ದ. ಮುಂಡಪ್ಪನವರು ಐದು ಆದಿತ್ಯವಾರ ಉಜ್ಜಿದ್ದರು. ಸಾಕಾಗಿ ಇವನೇ ರೇಗಿದ್ದ, ಸುಡುಗಾಡಿಗೆ ಬಂದವರು ಬೆಂಚಿನ ಮೇಲೆ ಕೈಯಾಡಿಸಿ ನೋಡುತ್ತಾರೇನು ಎಂದು. ಆಯಿತು, ಆಯಿತು, ಇನ್ನೊಂದು ಸ್ವಲ್ಪ ಎಂದಿದ್ದರು ಅವರು.

ಗೇಟಿನಲ್ಲಿ ಇನ್ನೊಂದು ಹೆಣ ಬಂತು. ಜನ ಕಟ್ಟಿಗೆಯ ಕಡೆ, ಆಫೀಸಿನ ಕಡೆ ಚದುರಿದರು. ಅವರಲ್ಲಿ ಒಬ್ಬ ಮುದುಕನನ್ನು ಯಾರೋ ತೋಳು ಹಿಡಿದು ತಂದು ಬೆಂಚಿನ ಆ ತುದಿಯಲ್ಲಿ ಕೂಡಿಸಿ ಹೋದರು. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಸತ್ತವರು ಅವನಿಗೆ ಏನಾಗಬೇಕೋ ಶಂಕ್ರೆಪ್ಪನಿಗೆ ಗೊತ್ತಿಲ್ಲ. ಮುದುಕ ಅಳುತ್ತಿರಲಿಲ್ಲ, ಎದುರಿಗೆ ಏನನ್ನೂ ನೋಡುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವನ ಬಲಗೈ ತೊಡೆಯಿಂದ ಜಾರಿ ಬೆಂಚಿನ ಮೇಲೆ ಬಿತ್ತು, ಅಲ್ಲೇ ಮೆಲ್ಲಗೆ ಆಡತೊಡಗಿತು. ಶಂಕ್ರೆಪ್ಪ ಅವನ ಕೈಗೆ ಜಾಗ ಬಿಟ್ಟು ತುದಿಗೆ ಸರಿದು ಕೂತ. ಆ ಕೈ ಹಲಗೆಯ ಉದ್ದಕ್ಕೂ ಹೋಗುತ್ತಿತ್ತು, ಬರುತ್ತಿತ್ತು, ಮತ್ತೆ ಹೋಗುತ್ತಿತ್ತು. ಎಲ್ಲಿಯೂ ತಡೆಯಲಿಲ್ಲ.